ಬ್ಯಾಡ್ಜ್ ಅಕ್ಕನ ಹಳೆಯ ಆಂಟಿವೈರಸ್

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಅಂಚೆಯವನಿಗೆ ಬಿಟ್ಟರೆ ಬೇರೆ ಯಾರಿಗೂ ಬೇಕಾಗಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಬ್ಯಾಡ್ಜ್ ಅಕ್ಕ. ಶಾಲೆಯ ಮಕ್ಕಳ ಅಂಗಿಜೇಬಿನ ಮೇಲಿನ ಲಾಂಛನ, ಆಸ್ಪತ್ರೆಯ ನರ್ಸುಗಳ ತೋಳಿನ ಪಟ್ಟಿ, ಪೆಟ್ರೋಲ್ ಬಂಕಿನವರ ಟೋಪಿಯ ಮೇಲಿನ ಹೆಸರು, ಎಲ್ಲವೂ ಅವಳ ಮನೆಯ ಮುಂದಿನ ಕೋಣೆಯಿಂದಲೇ ಹೊರಡಬೇಕು. ಆ ಕೋಣೆಯ ಮುಕ್ಕಾಲು ಭಾಗವನ್ನು ಕಸೂತಿ ಯಂತ್ರ ನುಂಗಿಕೊಂಡಿತ್ತು. ಉಳಿದ ಕಾಲು ಭಾಗದಲ್ಲಿ ಕಂಪ್ಯೂಟರಿನ ಮೇಜು, ಬಣ್ಣಬಣ್ಣದ ದಾರದ ರೀಲುಗಳ ಗೋಡೆ, ನಾದಿನಿ ಕೂತು ಹೆಚ್ಚಿನ ದಾರ ಕತ್ತರಿಸುವ ಸ್ಟೂಲು. ಯಂತ್ರ ಓಡಲು ಶುರುವಾದರೆ ಗೋಡೆಯ ಕ್ಯಾಲೆಂಡರ್ ನಡುಗುತ್ತಿತ್ತು. ಒಳಗಿನಿಂದ ಗಂಡ ಕೂಗಿ ಏನಾದರೂ ಕೇಳಿದರೆ ಇವಳು ಕೇಳಿಸಿದರೂ ಕೇಳಿಸದ ಹಾಗೆ ಇರಬಹುದಿತ್ತು. ಆ ಸದ್ದಿನಿಂದ ಅವಳಿಗಿದ್ದ ಲಾಭ ಅದೊಂದೇ.

ಕೆಲಸದಲ್ಲಿ ಅವಳ ಕೈ ಎಷ್ಟು ತಣ್ಣಗೋ ಬಾಯಿ ಅಷ್ಟೇ ಬಿಸಿ. ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ದಾರ ತುಂಡಾದರೆ ದಾರಕ್ಕೆ ಬೈಗುಳ, ಸೂಜಿ ಮುರಿದರೆ ಸೂಜಿಗೆ, ಗಿರಾಕಿ ಬಣ್ಣ ಬದಲಿಸಿದರೆ ಗಿರಾಕಿಗೆ ಮುಖದ ಮೇಲೇ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಲೋಕದ ಯಾವ ಕಷ್ಟಕ್ಕೂ ಅವನದು ಒಂದೇ ಉತ್ತರ, "ಬಿಚ್ಚಿ ನೋಡಿದ್ರೆ ಗೊತ್ತಾಗತ್ತೆ." ಅವನಿಗೂ ಬೈಗುಳ ತಪ್ಪುತ್ತಿರಲಿಲ್ಲ. ಆದರೆ ಒಬ್ಬನನ್ನು ಮಾತ್ರ ಅವಳು ಒಂದು ದಿನವೂ ಬೈದವಳಲ್ಲ. ಅವನು ಅವಳ ತಮ್ಮ.

ತಮ್ಮ ಒಂದು ಕೆಲಸದಲ್ಲಿ ಗಟ್ಟಿಯಾಗಿ ನಿಂತವನಲ್ಲ. ವಾಟರ್ ಫಿಲ್ಟರ್ ಮಾರಿದ, ಇನ್ಶೂರೆನ್ಸ್ ಮಾರಿದ, ಒಂದಷ್ಟು ಕಾಲ ಟೈಲ್ಸ್ ಅಂಗಡಿಯಲ್ಲಿ ನಿಂತ. ಅವನು ಕಾಲಿಟ್ಟ ಕಂಪನಿ ಬಾಗಿಲು ಹಾಕುತ್ತದೆ ಎಂದು ಗಂಡನ ಮನೆಯವರೆಲ್ಲ ನಗುತ್ತಿದ್ದರು. ಅವರು ನಕ್ಕಷ್ಟೂ ಅಕ್ಕ ಅವನ ಪರ ವಹಿಸುತ್ತಿದ್ದಳು. ಹಾಗೆ ವಹಿಸಿಕೊಳ್ಳಲು ಅವಳ ಹತ್ತಿರ ಒಂದು ಗಟ್ಟಿ ಸಾಕ್ಷಿಯೂ ಇತ್ತು. ಅದು ಅವಳ ಕಂಪ್ಯೂಟರಿನೊಳಗಿದ್ದ ಆಂಟಿವೈರಸ್.

ಅದರ ಕಥೆ ಹೀಗೆ. ಹಿಂದೊಮ್ಮೆ ಟೋಪಿ ವ್ಯಾಪಾರಿಯೊಬ್ಬ ತನ್ನ ಪೆನ್‌ಡ್ರೈವ್ ತಂದು, "ಇದರಲ್ಲಿರೋ ಚಿತ್ರಾನೇ ಹೊಲಿದುಕೊಡಿ" ಎಂದು ಕೊಟ್ಟ. ಅದನ್ನು ಕಂಪ್ಯೂಟರಿಗೆ ಚುಚ್ಚಿದ್ದೇ ತಡ, ಯಾವ ಕೇಡು ಹೊಕ್ಕಿತೋ, ಸಂಜೆಯ ಹೊತ್ತಿಗೆ ಅವಳು ವರ್ಷಗಟ್ಟಲೆ ಕೂತು ಮಾಡಿದ್ದ ವಿನ್ಯಾಸಗಳೆಲ್ಲ ಹೆಸರಿಗೆ ಮಾತ್ರ ಉಳಿದವು. ಫೈಲ್ ಇದೆ, ತೆರೆದರೆ ಒಳಗೆ ಬಟಾಬಯಲು. ಎಲ್ಲ ಶಾಲೆಗಳ ಲಾಂಛನಗಳನ್ನೂ ಮೊದಲಿನಿಂದ ಮಾಡಬೇಕಾಯಿತು. ಯಾವ ಗೆರೆಯ ಮೇಲೆ ಯಾವ ಹೊಲಿಗೆ ಮೊದಲು ಬೀಳಬೇಕು, ಎಲ್ಲಿ ದಾರ ಬದಲಾಗಬೇಕು ಎಂದು ಒಂದೊಂದಾಗಿ ಗುರುತು ಹಾಕುತ್ತ ಕೂತು ಅವಳ ಕತ್ತು ಹಿಡಿದುಕೊಂಡಿದ್ದು ಆಗಲೇ. ಇವತ್ತಿಗೂ ಎಡಕ್ಕೆ ಪೂರ್ತಿ ತಿರುಗುವುದಿಲ್ಲ.

ಸರಿಯಾಗಿ ಆ ಹೊತ್ತಿಗೆ ತಮ್ಮ ಹೊಸ ಕೆಲಸಕ್ಕೆ ಸೇರಿದ್ದ, ಆಂಟಿವೈರಸ್ ಮಾರುವ ಕೆಲಸ. ಕೊರಳಿಗೆ ಟೈ ಬಿಗಿದುಕೊಂಡು, ಕಬ್ಬಿಣದ ಗೇಟಿನ ಚಿತ್ರವಿದ್ದ ಮಿರಮಿರ ಡಬ್ಬಿ ಹಿಡಿದುಕೊಂಡು ಬಂದ. ಅಕ್ಕನೇ ಅವನ ಮೊದಲ ಗಿರಾಕಿ. "ಜೀವಮಾನಪೂರ್ತಿ ನಡೆಯತ್ತೆ ಅಕ್ಕ, ಒಂದ್ಸಲ ಹಾಕಿದ್ರೆ ಮುಗೀತು" ಎಂದು ತಾನೇ ಕೂತು ಹಾಕಿಕೊಟ್ಟ. ಯಾರೂ ಕೈಯಾಡಿಸದಿರಲಿ ಎಂದು ಪಾಸ್‌ವರ್ಡ್ ಕೂಡ ಇಟ್ಟ. ಅಂದಿನಿಂದ ಯಾರು ಪೆನ್‌ಡ್ರೈವ್ ತಂದರೂ ಅದು 'ಟಣ್' ಎಂದು ಗಂಟೆ ಬಾರಿಸಿ, ಕೆಂಪು ಚೌಕ ತೋರಿಸಿ, ಕ್ರಿಮಿಯನ್ನು ಕತ್ತು ಹಿಡಿದು ಹೊರಗೆ ಹಾಕುತ್ತಿತ್ತು. ಆ ಗಂಟೆ ಕೇಳಿದಾಗಲೆಲ್ಲ ಅವಳು ನಾದಿನಿಯ ಕಡೆ ತಿರುಗಿ, "ನೋಡ್ದ್ಯಾ? ನನ್ನ ತಮ್ಮ ಹಾಕಿಕೊಟ್ಟಿದ್ದು" ಎನ್ನುತ್ತಿದ್ದಳು. ತಮ್ಮ ಆ ಕೆಲಸ ಬಿಟ್ಟ. ಕಂಪನಿಯೂ ಆಮೇಲೆ ಬಾಗಿಲು ಹಾಕಿತು. ಆದರೂ ಆಂಟಿವೈರಸ್ ಅಲ್ಲೇ ಇತ್ತು. ಅವಳ ನಂಬಿಕೆಯೂ ಅಷ್ಟೇ.

ಈ ಸಲ ಶಾಲೆ ಶುರುವಾಗಲು ಕೆಲವು ವಾರಗಳಿದ್ದಾಗ ಹಳೆಯ ಕಂಪ್ಯೂಟರ್ ಹೊಗೆ ಕಾರಿ ಕಣ್ಣು ಮುಚ್ಚಿತು. ಗಂಡ ಡಿಪೋದಿಂದ ಬಂದವನೇ ಅಂಗಿಯ ತೋಳು ಮಡಚಿ, ಬಿಚ್ಚಿ ನೋಡಿದ. ಬಿಚ್ಚಿದ ಮೇಲೆ, "ಹೋಗಿದೆ" ಎಂದ.

"ಅದು ಬಿಚ್ಚದೆ ಇದ್ರೂ ಗೊತ್ತಾಗ್ತಿತ್ತು" ಎಂದಳು ಇವಳು.

ಹೊಸ ಕಂಪ್ಯೂಟರ್ ಬಂತು. ಅದನ್ನು ಜೋಡಿಸಿಕೊಟ್ಟವನು ಬೀದಿಯ ತುದಿಯ ರಿಪೇರಿಯವನು. ಯಾವ ಕೆಲಸಕ್ಕೂ "ಐದು ನಿಮಿಷ ಅಕ್ಕಾ" ಅನ್ನುತ್ತಿದ್ದುದರಿಂದ ಅವನಿಗೆ ಐದ್ನಿಮಿಷ ಎಂದೇ ಹೆಸರು ಬಿದ್ದಿತ್ತು. ಹಳೆಯದರ ಹಾರ್ಡ್ ಡಿಸ್ಕ್ ತೆಗೆದು ಹೊಸದರ ಹೊಟ್ಟೆಗೇ ಸೇರಿಸಿದ. ಕಸೂತಿಯ ಸಾಫ್ಟ್‌ವೇರ್ ಹಾಕಿದ. ಎಲ್ಲ ವಿನ್ಯಾಸಗಳೂ ಕಂಡವು, ಯಂತ್ರವೂ ಒಪ್ಪಿಕೊಂಡು ಓಡಿತು. ಅವಳ ಮುಖದಲ್ಲಿ ಅಪರೂಪಕ್ಕೆ ನಗು ಕಂಡು ಅವನು ಬ್ಯಾಗ್ ಎತ್ತಿಕೊಳ್ಳುವಷ್ಟರಲ್ಲಿ ಕೇಳಿದಳು:

"ಆಂಟಿವೈರಸ್?"

"ಇದರಲ್ಲೇ ಇದೆ ಅಕ್ಕಾ. ಹೊಸ ಸಿಸ್ಟಮ್ ಜೊತೆ ಬರತ್ತೆ."

"ಬರತ್ತೆ ಅಂದ್ರೆ? ಯಾರು ಕರೆದಿದ್ದು ಅದನ್ನ?"

"ಕರೀಬೇಕಿಲ್ಲ ಅಕ್ಕಾ, ತಾನಾಗೇ ಇರತ್ತೆ. ಬೇರೆ ಏನೂ ಹಾಕೋದು ಬೇಡ."

ಬೇಡ ಎಂದ ಮೇಲೆ ಅವಳ ಹಟ ಎದ್ದು ಕೂತಿತು. ಹಾಲು ಕುಡಿದು ಬಾಯಿ ಸುಟ್ಟುಕೊಂಡವಳು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾಳೆ. ಕೇಳದೆ ಬಂದು, ಸದ್ದಿಲ್ಲದೆ ಕೂತು, ಒಂದು ಗಂಟೆಯನ್ನೂ ಬಾರಿಸದ ಕಾವಲನ್ನು ನಂಬುವುದು ಹೇಗೆ? ಬೀರುವಿನ ತಳದಿಂದ ಕಬ್ಬಿಣದ ಗೇಟಿನ ಡಬ್ಬಿ ಹೊರಗೆ ಬಂತು. ಒಳಗೆ ಸಿ.ಡಿ. ಭದ್ರವಾಗಿತ್ತು. ಆದರೆ ಹೊಸ ಕಂಪ್ಯೂಟರಿಗೆ ಸಿ.ಡಿ. ತಿನ್ನುವ ಬಾಯಿಯೇ ಇರಲಿಲ್ಲ. ಮುಂದೆ, ಹಿಂದೆ, ಪಕ್ಕದಲ್ಲಿ, ಎಲ್ಲ ಕಡೆ ಹುಡುಕಿ, "ಇದೇನ್ರೀ ಇದು, ಬಾಯೇ ಇಲ್ಲ ಇದಕ್ಕೆ?" ಎಂದು ಗಂಡನ ಮೇಲೆ ಹಾರಿದಳು, ಕಂಪ್ಯೂಟರನ್ನು ಅವನೇ ಹೆತ್ತ ಹಾಗೆ. ಅವನು ಡಿಪೋದ ಸ್ನೇಹಿತನ ಹತ್ತಿರ ಹೊರಗಿನಿಂದ ಚುಚ್ಚುವ ಸಿ.ಡಿ. ಪೆಟ್ಟಿಗೆಯೊಂದನ್ನು ಎರವಲು ತಂದುಕೊಟ್ಟ.

ಸಿ.ಡಿ. ಹಾಕಿದಳು. 'ಈ ಪ್ರೋಗ್ರಾಂ ಈ ಸಿಸ್ಟಮ್ಮಿಗೆ ಹೊಂದುವುದಿಲ್ಲ' ಎಂಬರ್ಥದ ಎಚ್ಚರಿಕೆ ಬಂತು. ಮುಚ್ಚಿದಳು. ಮತ್ತೆ ಹಾಕಿದಳು. ಮತ್ತೆ ಅದೇ. ಆಮೇಲೆ ಫೋನಿನಲ್ಲಿ ಅಲ್ಲಿ ಇಲ್ಲಿ ಹುಡುಕಿ, ಹಳೆಯ ಪ್ರೋಗ್ರಾಮನ್ನು ಹಳೆಯ ಸಿಸ್ಟಮ್ ಅಂತಲೇ ನಂಬಿಸಿ ಓಡಿಸುವ ದಾರಿ ಒಂದಿದೆ ಎಂದು ಕಂಡುಕೊಂಡಳು. ಎಲ್ಲೋ ಒಂದು ಕಡೆ ಸರಿ ಗುರುತು ಹಾಕಬೇಕು, ಅಷ್ಟೇ. ಹಾಕಿದಳು. ಹಸಿರು ಪಟ್ಟಿ ತೆವಳುತ್ತ ತೆವಳುತ್ತ ಕೊನೆ ಮುಟ್ಟಿತು. ಪರದೆಯ ಮೂಲೆಯಲ್ಲಿ ಪರಿಚಿತ ಗೇಟು ಮೂಡಿತು. ಪರೀಕ್ಷೆಗೆಂದು ಒಂದು ಪೆನ್‌ಡ್ರೈವ್ ಚುಚ್ಚಿದಳು. 'ಟಣ್!'

"ಹಾಂ, ಈಗ ಮನೆ ಮನೆ ಥರ ಆಯ್ತು" ಎಂದಳು.

ನಾದಿನಿ ತಲೆ ಎತ್ತದೆ ದಾರ ಕತ್ತರಿಸುತ್ತಿದ್ದಳು.

ಮಾರನೆಯ ದಿನದಿಂದ ಶುರುವಾಯಿತು ಗ್ರಹಚಾರ. ಮೊದಲು ಕಂಪ್ಯೂಟರ್ ನಿಧಾನವಾಯಿತು. ಎಷ್ಟು ನಿಧಾನ ಎಂದರೆ, ಒಂದು ಫೈಲ್ ತೆರೆಯಲು ಒತ್ತಿ, ಒಳಗೆ ಹೋಗಿ ಒಲೆಯ ಮೇಲಿದ್ದುದನ್ನು ಇಳಿಸಿ, ಬಟ್ಟೆ ಒಣಹಾಕಿ ಬಂದರೂ ಪರದೆಯ ಮೇಲಿನ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಆಮೇಲೆ ಆಂಟಿವೈರಸ್, 'ನನ್ನ ಮಾಹಿತಿ ಹಳೆಯದಾಗಿದೆ, ಹೊಸದು ತರಿಸಿ' ಎಂದು ರಾಗ ತೆಗೆಯಿತು. ತರಿಸೋಣ ಎಂದು ಒತ್ತಿದರೆ ತರುವ ಜಾಗವೇ ಇಲ್ಲ. ಕಂಪನಿಯೇ ಇಲ್ಲದ ಮೇಲೆ ಎಲ್ಲಿಂದ ಬರಬೇಕು? ಒತ್ತಿದರೂ ಅಳು, ಒತ್ತದಿದ್ದರೂ ಅಳು. ಹತ್ತು ಹೊಲಿಗೆಗೊಂದು ಸಲ ಅದೇ ಚೌಕ ಎದ್ದು ಬಂದು ಕೆಲಸದ ಮೇಲೆ ಕೂರುತ್ತಿತ್ತು.

ಹೊಸ ಸಿಸ್ಟಮ್ಮಿನ ಕಾವಲು ತಾನೊಬ್ಬನೇ ಇರುವುದು ಅಂದುಕೊಂಡಿತ್ತು. ಹಳೆಯದು ಬಂದಿರುವುದು ಅದಕ್ಕೆ ಗೊತ್ತೇ ಆಗಿರಲಿಲ್ಲ. ಹಾಗಾಗಿ ಅವಳು ಯಾವ ಫೈಲ್ ಮುಟ್ಟಿದರೂ ಇಬ್ಬರೂ ಒಟ್ಟಿಗೆ ಅದರ ಮೇಲೆ ಬೀಳುತ್ತಿದ್ದರು. ಆ ಎಳೆದಾಟದಲ್ಲಿ ಕಂಪ್ಯೂಟರ್ ಮರಗಟ್ಟಿ ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ ಕಸೂತಿಯ ಸಾಫ್ಟ್‌ವೇರೇ ಕಾಣೆ. ಹಳೆಯ ಆಂಟಿವೈರಸ್ ಅದನ್ನೇ ಕಳ್ಳ ಎಂದು ತೀರ್ಮಾನಿಸಿ ತನ್ನ ಜೈಲಿಗೆ ಹಾಕಿತ್ತು! ಅವಳು ಬಿಡಿಸಿದಳು. ಮಧ್ಯಾಹ್ನಕ್ಕೆ ಮತ್ತೆ ಒಳಗೆ ಹಾಕಿತು. ಮತ್ತೆ ಬಿಡಿಸಿದಳು. ಈ ಸಲ ವಿನ್ಯಾಸದ ಫೈಲುಗಳನ್ನೂ ಹಿಡಿದು ಹಾಕಿತು, 'ಟಣ್, ಟಣ್, ಟಣ್' ಎಂದು ಗಂಟೆ ಬಾರಿಸುತ್ತ.

"ಅಯ್ಯೋ ನಿನ್ನ ಗಂಟೆಗೆ ಬೆಂಕಿ ಬೀಳ!" ಎಂದು ಅವಳು ಮೊಟ್ಟಮೊದಲ ಬಾರಿಗೆ ಅದನ್ನು ಬೈದಳು. ಬೈದ ಮೇಲೆ ಯಾರಾದರೂ ಕೇಳಿಸಿಕೊಂಡರೋ ಎಂದು ಸುತ್ತ ನೋಡಿದಳು. ಸ್ಟೂಲಿನ ಮೇಲಿದ್ದ ನಾದಿನಿ ಕೇಳಿಸಿಕೊಂಡಿದ್ದಳು.

ಆ ವಾರ ಅವಳ ಕೈಯಲ್ಲಿದ್ದುದು ಊರಿನ ದೊಡ್ಡ ಶಾಲೆಯ ಕೆಲಸ. ಶಾಲೆ ಈ ವರ್ಷ ತನ್ನ ಲಾಂಛನ ಬದಲಿಸಿತ್ತು. ಬರೀ ಪುಸ್ತಕವಿದ್ದ ಜಾಗದಲ್ಲಿ ಪುಸ್ತಕದ ಮೇಲೊಂದು ದೀಪ, ಸುತ್ತ ಸಣ್ಣ ಅಕ್ಷರಗಳ ಬಳೆ. ಅದನ್ನು ಅವಳು ಹೊಸ ಕಂಪ್ಯೂಟರಿನಲ್ಲೇ ಕೂತು, ಕಣ್ಣು ಕಿರಿದು ಮಾಡಿಕೊಂಡು ತಯಾರಿಸಿದ್ದಳು. ದೀಪದ ಜ್ವಾಲೆಯಲ್ಲಿ ಹಳದಿ ಕೇಸರಿಗೆ ತಿರುಗುವ ಕಡೆ ಹೊಲಿಗೆಯ ಓರೆ ಸರಿ ಬರುವವರೆಗೂ ಬಿಟ್ಟಿರಲಿಲ್ಲ. ಮುಂದಿನ ಸೋಮವಾರ ಶಾಲೆ ಶುರು. ಅರ್ಧದಷ್ಟು ಬ್ಯಾಡ್ಜು ಇನ್ನೂ ಬಾಕಿ. ಅವಳು ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಯಂತ್ರಕ್ಕೆ ಕೊಡಬೇಕು, ಅಷ್ಟರಲ್ಲಿ ಪರದೆ ಪೂರ್ತಿ ನೀಲಿಯಾಯಿತು. ಏನೋ ಬಿಳಿ ಅಕ್ಷರ, ಒಂದು ಅಳುಮುಖ. ಆಮೇಲೆ ಕಂಪ್ಯೂಟರ್ ತಾನೇ ಆರಿ ತಾನೇ ಹೊತ್ತಿತು. ಸ್ವಲ್ಪ ಹೊತ್ತು ಓಡಿ ಮತ್ತೆ ನೀಲಿ. ಪೆನ್‌ಡ್ರೈವ್ ತೆಗೆದು ನೋಡಿದರೆ ದೀಪದ ಫೈಲ್ ಅದರಲ್ಲೂ ಇಲ್ಲ. ಅದೂ ಜೈಲು ಸೇರಿತ್ತು.

ಅವಳು ಎರಡೂ ಕೈ ತಲೆಯ ಮೇಲೆ ಹೊತ್ತು ಕೂತಳು. ಕಸೂತಿ ಯಂತ್ರ ನಿಂತಿದ್ದರಿಂದ ಕೋಣೆ ಬಿಕೋ ಎನ್ನುತ್ತಿತ್ತು.

"ಅತ್ತಿಗೆ, ಒಂದ್ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದಳು ನಾದಿನಿ.

"ಬೇಜಾರಾಗೋ ಮಾತನ್ನೇ ಎಲ್ಲರೂ ಹಾಗೆ ಶುರು ಮಾಡೋದು. ಹೇಳು."

"ಅದನ್ನ ತೆಗೆದುಹಾಕಿ. ಅದೂ ನಿಮ್ಮ ತಮ್ಮನ ಥರಾನೇ. ಕೆಲಸಾನೂ ಮಾಡಲ್ಲ, ಜಾಗಾನೂ ಖಾಲಿ ಮಾಡಲ್ಲ."

ನಾದಿನಿ ತಮಾಷೆಗೆಂದೇ ಹೇಳಿದ್ದು. ಹೇಳಿದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು. ಬ್ಯಾಡ್ಜ್ ಅಕ್ಕ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಎದ್ದು, ದಾರದ ರೀಲುಗಳನ್ನು ಸುಮ್ಮಸುಮ್ಮನೆ ತೆಗೆದು ಮತ್ತೆ ಜೋಡಿಸತೊಡಗಿದಳು, ಕೆಂಪಿನ ಪಕ್ಕ ಕೆಂಪು, ನೀಲಿಯ ಪಕ್ಕ ನೀಲಿ. ಆ ಮಾತು ಅವಳಿಗೆ ಚುಚ್ಚಿದ್ದು ಅದು ಸುಳ್ಳು ಎಂದಲ್ಲ. ಎರಡು ದಿನದಿಂದ ಅದೇ ಮಾತು ಅವಳ ಮನಸ್ಸಿನಲ್ಲೂ ಸುಳಿದಾಡಿ, ಅವಳೇ ಅದನ್ನು ಅದುಮಿ ಕೂರಿಸಿದ್ದಳು. ಅದಕ್ಕೇ ಅದು ಅಷ್ಟು ಆಳಕ್ಕೆ ಹೋಯಿತು.

ಮಧ್ಯಾಹ್ನ ಐದ್ನಿಮಿಷನನ್ನು ಕರೆಸಿದಳು. ಅವನು ಕೂತು ನೋಡಿ, "ಅಕ್ಕಾ, ಬೇಡ ಅಂದಿದ್ದೆ" ಎಂದ.

"ಬೇಡ ಅಂದಿದ್ದು ಗೊತ್ತು. ಈಗ ತೆಗಿ."

"ಐದು ನಿಮಿಷ." ಅವನು ತೆಗೆಯಲು ಹೋದ. ಅದು ಪಾಸ್‌ವರ್ಡ್ ಕೇಳಿತು. "ಪಾಸ್‌ವರ್ಡ್ ಏನಕ್ಕಾ?"

"ನಂಗೇನು ಗೊತ್ತು? ನನ್ನ ತಮ್ಮ ಇಟ್ಟಿದ್ದು."

"ಹೊಸದಾಗಿ ನೀವೇ ಹಾಕಿದ್ದಲ್ವಾ ಈ ಕಂಪ್ಯೂಟರಿಗೆ?"

"ಹಳೇ ಸೆಟ್ಟಿಂಗ್ ಹಾಕ್ಲಾ ಅಂತ ಕೇಳ್ತು, ಹೂಂ ಅಂದೆ. ಅದರ ಜೊತೆ ಇದೂ ಬಂದಿರತ್ತೆ ಅಂತ ನಂಗೆ ಕನಸು ಬಿದ್ದಿತ್ತಾ?"

ಅವನು ಇನ್ನೊಂದು ಕಡೆಯಿಂದ ನುಗ್ಗಿ ನೋಡಿದ. ತೆಗೆಯುವ ಪ್ರೋಗ್ರಾಮೇ ಈ ಹೊಸ ಸಿಸ್ಟಮ್ಮಿನಲ್ಲಿ ಓಡಲು ಒಲ್ಲೆ ಎಂದಿತು. ಅಷ್ಟರಲ್ಲಿ ನೀಲಿ ಪರದೆ. ಮತ್ತೆ ಶುರು, ಮತ್ತೆ ನೀಲಿ. ಅವನ ಐದು ನಿಮಿಷ ಸಂಜೆಯಾಯಿತು. ಕೊನೆಗೆ ಅವನು ಕೈ ಒರೆಸಿಕೊಳ್ಳುತ್ತ, "ಫಾರ್ಮ್ಯಾಟ್ ಹೊಡೆದುಬಿಡೋಣ ಅಕ್ಕಾ. ಎಲ್ಲ ಅಳಿಸಿ ಹೊಸದಾಗಿ ಹಾಕಿದ್ರೆ ಸ್ವಚ್ಛ" ಎಂದ.

"ಎಲ್ಲ ಅಂದ್ರೆ?"

"ಎಲ್ಲ. ಜೈಲಲ್ಲಿರೋ ಫೈಲೂ ಹೋಗತ್ತೆ."

"ನೀನು ಮೊದಲು ಏಳು" ಎಂದಳು. "ಏಳು ಅಂದೆ. ಕುರ್ಚಿ ಬಿಡು. ನೆಗಡಿಯಾದ್ರೆ ಮೂಗು ಕೊಯ್ಯೋನು ನೀನು."

ಅವನು ಹೋದ ಮೇಲೆ ಗಂಡ ಬಂದ. ಸ್ಕ್ರೂಡ್ರೈವರ್ ಕಡೆ ಕೈ ಹೋಗುವುದನ್ನು ಕಂಡು, "ಅದೊಂದು ಮುಟ್ಟಿದ್ರೆ ನೋಡಿ!" ಎಂದು ಇವಳು ಗುಡುಗಿದಳು. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು, ಪಕ್ಕದಲ್ಲಿ ಕೂತು, ಮೆಲ್ಲಗೆ ಹೇಳಿದ:

"ಅವನಿಗೊಂದು ಫೋನ್ ಮಾಡೇ."

"ಮಾಡಿ ಏನನ್ನಲಿ? ನೀನು ಕೊಟ್ಟಿದ್ದು ನನ್ನ ಕೆಲಸ ಹಾಳು ಮಾಡ್ತು ಅನ್ಲಾ? ಎಲ್ಲರೂ ಅನ್ನೋದು ಸಾಲ್ದು ಅಂತ ನಾನೂ ಒಂದು ಅನ್ಬೇಕಾ?"

"ಪಾಸ್‌ವರ್ಡ್ ಏನು ಅಂತ ಕೇಳು. ಅಷ್ಟೇ ತಾನೆ?"

ತಮ್ಮ ಈಗ ಎರಡು ಬಸ್ಸಿನಾಚೆ, ಹಾಸಿಗೆ ದಿಂಬಿನ ಅಂಗಡಿಯೊಂದರಲ್ಲಿದ್ದ. ಫೋನ್ ಎತ್ತಿ, ಅಕ್ಕ ಸುತ್ತಿಬಳಸಿ ಹೇಳಿದ್ದನ್ನೆಲ್ಲ ಕೇಳಿ, "ಇನ್ನೂ ಅದನ್ನ ಇಟ್ಕೊಂಡಿದ್ದೀಯಾ ಅಕ್ಕ?" ಎಂದ.

"ಮತ್ತೆ? ಜೀವಮಾನಪೂರ್ತಿ ಅಂತ ನೀನೇ ಹೇಳಿದ್ದು."

"ಬೆಳಿಗ್ಗೆ ಬರ್ತೀನಿ. ಅಲ್ಲೀವರೆಗೂ ಏನೂ ಮುಟ್ಬೇಡ. ಭಾವನ ಕೈಗೂ ಕೊಡ್ಬೇಡ."

ಬೆಳಿಗ್ಗೆ ಅವನು ಬಂದ. ಮೊದಲಿನ ಟೈ ಇರಲಿಲ್ಲ, ಅಂಗಡಿಯ ಹೆಸರಿದ್ದ ಟೀ ಶರ್ಟ್ ಇತ್ತು, ಹೊಟ್ಟೆ ಕೊಂಚ ಮುಂದೆ ಬಂದಿತ್ತು. ನಾದಿನಿ ಸ್ಟೂಲು ಬಿಟ್ಟೆದ್ದು, ಮುಖ ನೋಡದೆ, "ಬನ್ನಿ" ಎಂದು ಒಳಗೆ ಹೋದಳು. ತಮ್ಮ ಕುರ್ಚಿಯಲ್ಲಿ ಕೂತು ಪಾಸ್‌ವರ್ಡ್ ಹಾಕಿದ. ತಪ್ಪು ಎಂದಿತು. ಇನ್ನೊಂದು ಹಾಕಿದ. ಅದೂ ತಪ್ಪು. ತಲೆ ಕೆರೆದುಕೊಂಡು ಮತ್ತೊಂದು ಹಾಕಿದ. ತಪ್ಪು.

"ನೆನಪಿಲ್ಲ ಅಕ್ಕ" ಎಂದ, ಪರೀಕ್ಷೆಯ ಹಾಳೆ ಖಾಲಿ ಬಿಟ್ಟವನ ಹಾಗೆ.

ಬ್ಯಾಡ್ಜ್ ಅಕ್ಕ ತುಟಿ ಬಿಗಿಹಿಡಿದಳು. ಕೊನೆಗೆ ಅವಳ ಬಾಯಿಂದ ಬಂದದ್ದು, "ಹೋಗ್ಲಿ ಬಿಡು, ಎಷ್ಟು ವರ್ಷ ಆಯ್ತು" ಎಂಬ ಮಾತು.

"ಇರು, ಪಾಸ್‌ವರ್ಡ್ ಇಲ್ದೇನೂ ತೆಗೀಬಹುದು. ಆದ್ರೆ ಮೊದಲು ಒಳಗಿರೋ ಫೈಲ್‌ಗಳನ್ನ ಬಿಡಿಸ್ಕೋಬೇಕು. ಆಮೇಲೆ ತೆಗೆದ್ರೆ ಅವು ಸಿಗಲ್ಲ." ಅವನು ಇಂಟರ್ನೆಟ್ಟಿನ ತಂತಿ ಕಿತ್ತ. ಹೊಸ ಸಿಸ್ಟಮ್ಮಿನ ಕಾವಲನ್ನು ಸದ್ಯಕ್ಕೆ ಸುಮ್ಮನಿರಿಸಿದ. ಜಗಳಕ್ಕೆ ಎದುರಾಳಿ ಇಲ್ಲವಾದ ಮೇಲೆ ಕಂಪ್ಯೂಟರ್ ನೀಲಿಯಾಗುವುದು ನಿಂತಿತು. ಜೈಲಿನ ಪಟ್ಟಿ ತೆರೆದು ಒಂದೊಂದೇ ಫೈಲ್ ಬಿಡಿಸಿ, ತಾನು ತಂದಿದ್ದ ಬೇರೆ ಡಿಸ್ಕಿಗೆ ಸೇರಿಸುತ್ತ ಹೋದ. ಅಕ್ಕ ಹೆಗಲ ಹಿಂದೆ ನಿಂತು, "ಅದು ಆಸ್ಪತ್ರೇದು, ಹಾಂ, ಅದು ಬಂಕಿಂದು, ಅದೂ ಬೇಕು, ಅದೂ ಬೇಕು" ಎನ್ನುತ್ತಿದ್ದಳು. ಎಲ್ಲವೂ ಬಂದವು. ದೀಪದ ಫೈಲ್ ಮಾತ್ರ ಬಂದರೂ ತೆರೆಯಲಿಲ್ಲ. ಇಬ್ಬರ ಎಳೆದಾಟದ ನಡುವೆ ಅದು ಹರಿದುಹೋಗಿತ್ತು.

ಆಮೇಲೆ ಅವನು ಕಂಪ್ಯೂಟರನ್ನು ಬೇರೊಂದು ರೀತಿಯಲ್ಲಿ ಎಬ್ಬಿಸಿದ, ಬೇಕಾದಷ್ಟೇ ಎಚ್ಚರವಿರುವ ಹಾಗೆ. ಆ ಸ್ಥಿತಿಯಲ್ಲಿ ಹಳೆಯ ಆಂಟಿವೈರಸ್ ಏಳುವುದಿಲ್ಲವಂತೆ. ತನ್ನ ಪೆನ್‌ಡ್ರೈವಿನಲ್ಲಿದ್ದ ಪುಟ್ಟ ಪ್ರೋಗ್ರಾಮೊಂದನ್ನು ಓಡಿಸಿದ. ಪರದೆಯ ಮೂಲೆಯ ಗೇಟು ಮಾಯವಾಯಿತು. ಸುಮ್ಮನಿರಿಸಿದ್ದ ಹೊಸ ಕಾವಲನ್ನು ಮತ್ತೆ ಎಬ್ಬಿಸಿದ. ಕಂಪ್ಯೂಟರ್ ಮತ್ತೆ ಶುರುವಾದಾಗ ಹೊಸದಾಗಿ ತಂದ ದಿನದ ಹಾಗೆ ಚುರುಕಾಗಿತ್ತು.

"ಇಷ್ಟು ಸಲೀಸಾಗಿ ತೆಗೆಯೋದು ಎಲ್ಲಿ ಕಲಿತೆ?" ಎಂದಳು ಅಕ್ಕ, ಹೆಮ್ಮೆಯಿಂದಲೇ.

"ಕಲೀದೆ ಏನು? ಆ ಕಂಪನೀಲಿ ಮಾರಿದ್ದಕ್ಕಿಂತ ತೆಗೆದಿದ್ದೇ ಜಾಸ್ತಿ. ಹೊಸ ಸಿಸ್ಟಮ್ ಬಂದ ಹಾಗೆಲ್ಲ ಇದೇ ಗೋಳು. ದಿನಾ ಯಾರ್ಯಾರದೋ ಮನೆಗೆ ಹೋಗಿ ಬೈಸ್ಕೊಂಡು ತೆಗೆದು ಬರೋದು. ಸಾಕಾಗಿ ಬಿಟ್ಟೆ."

"ನಿಮ್ಮನೆ ಕಂಪ್ಯೂಟರಲ್ಲಿ ಇದೇ ಇದೆಯಲ್ವಾ?"

ತಮ್ಮ ಮೌಸನ್ನು ಅತ್ತಿತ್ತ ಸರಿಸಿದ. "ನಮ್ಮನೇಲಿ ಯಾವತ್ತೂ ಹಾಕಿಲ್ಲ ಅಕ್ಕ."

ಚಹಾ ಹಿಡಿದು ಬರುತ್ತಿದ್ದ ನಾದಿನಿ ಒಳಬಾಗಿಲಲ್ಲೇ ನಿಂತಳು.

"ಯಾವತ್ತೂ?"

"ಯಾವತ್ತೂ. ಅದು ಅಷ್ಟೇನೂ ಚೆನ್ನಾಗಿಲ್ಲ ಅಂತ ನಂಗೆ ಮೊದಲನೇ ವರ್ಷಾನೇ ಗೊತ್ತಾಯ್ತು. ನಿನ್ನ ಗಂಟೆ ಹೊಡೀತಿತ್ತಲ್ಲ, ಅರ್ಧಕ್ಕರ್ಧ ಸುಮ್ಸುಮ್ನೆ ಹೊಡೀತಿತ್ತು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ? ಪ್ರತಿ ಸಲ ಬಂದಾಗ್ಲೂ ಎಲ್ಲರೆದುರಿಗೆ, ನನ್ನ ತಮ್ಮ ಹಾಕಿಕೊಟ್ಟಿದ್ದು, ನನ್ನ ತಮ್ಮ ಹಾಕಿಕೊಟ್ಟಿದ್ದು ಅಂತಿದ್ದೆ. ಈ ಮನೇಲಿ ನನ್ನ ಬಗ್ಗೆ ಯಾರಾದ್ರೂ ಒಳ್ಳೆ ಮಾತಾಡ್ತಿದ್ದಿದ್ದು ಅದೊಂದೇ ವಿಷಯಕ್ಕೆ. ಅದನ್ನೂ ಕಳ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ."

ಬ್ಯಾಡ್ಜ್ ಅಕ್ಕನ ಕಿವಿ ಕೆಂಪಾಯಿತು. ಇಷ್ಟು ವರ್ಷ ಕಟ್ಟಿ ಹಿಡಿದಿದ್ದ ಅಣೆಕಟ್ಟು ಒಡೆಯಿತು.

"ಅಯ್ಯೋ ಬುದ್ಧಿಗೇಡಿ! ಕತ್ತೆ! ನಿನ್ನ ಮರ್ಯಾದೆ ಉಳಿಸೋಕೆ ನಾನು ಆ ದರಿದ್ರಾನ ತಲೆ ಮೇಲೆ ಹೊತ್ಕೊಂಡು ಕುಣಿದೆ! ಇಲ್ದೇ ಇರೋ ಬಾಯಿಗೆ ಸಿ.ಡಿ. ತುರುಕಿದೆ! ಇವಳ ಹತ್ತಿರ ಮಾತು ಕೇಳ್ದೆ! ಶಾಲೇವರ ಕೆಲಸ ನಿಂತು ಕೂತಿದೆ! ಒಂದು ಮಾತು ಹೇಳೋಕೆ ನಿನ್ನ ಬಾಯಲ್ಲೇನು ಹತ್ತಿ ತುಂಬಿತ್ತಾ?"

"ಅಕ್ಕ..."

"ಅಕ್ಕ ಅನ್ಬೇಡ! ಜೀವಮಾನಪೂರ್ತಿ ಅಂತೆ! ಯಾರ ಜೀವಮಾನ? ನನ್ನ ಜೀವ ತೆಗೆಯೋ ತನಕ ಅಂತ ಅರ್ಥನಾ?"

ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ ತಮ್ಮನ ಮುಖ ನೋಡಿದಳು. ಅವನು ಬೈಸಿಕೊಂಡವನ ಹಾಗೆ ಕಾಣಲಿಲ್ಲ. ಭುಜದಿಂದ ಮೂಟೆ ಇಳಿಸಿದವನ ಹಾಗೆ ಕುರ್ಚಿಗೆ ಒರಗಿ ಕೂತಿದ್ದ. ಬಾಗಿಲಲ್ಲಿದ್ದ ನಾದಿನಿ ತಡೆಯಲಾರದೆ ನಕ್ಕಳು. ಅಕ್ಕನಿಗೆ ಮಾತ್ರ ನಗು ಬರಲಿಲ್ಲ. ಅವಳಿಗೆ ಕೋಪ ಇಳಿಯಲು ಇನ್ನೂ ಬಹಳ ಹೊತ್ತು ಬೇಕಿತ್ತು.

"ಚಹಾ ಕೊಟ್ಟು ಕೂರಿಸ್ಕೊಳ್ಳೋದು ಬೇಡ ಅವನನ್ನ" ಎಂದಳು ನಾದಿನಿಗೆ. "ಕತ್ತರಿ ಕೊಡು ಕೈಗೆ."

ಆ ಶನಿವಾರ, ಭಾನುವಾರ ಮನೆಯವರೆಲ್ಲ ಮುಂದಿನ ಕೋಣೆಯಲ್ಲೇ ಇದ್ದರು. ಅಕ್ಕ ದೀಪದ ಲಾಂಛನವನ್ನು ಮೊದಲಿನಿಂದ ಮಾಡಲು ಕೂತಳು. ಒಮ್ಮೆ ಮಾಡಿದ್ದ ಕೈಯಾದ್ದರಿಂದ ಈ ಸಲ ಬೇಗ ಆಯಿತು. ಸಣ್ಣ ಅಕ್ಷರಗಳು ಮೊದಲಿಗಿಂತ ಚೊಕ್ಕಟವಾಗಿ ಬಂದವು. ಅದನ್ನು ಯಾರೋ ಹೇಳಿದಾಗ ಅವಳು, "ಹಾಗಂತ ಪ್ರತಿ ಸಲ ಹರಿದು ಹಾಕ್ಬೇಕಾ?" ಎಂದು ಸಿಡುಕಿದಳು. ಯಂತ್ರ ಓಡುತ್ತಲೇ ಇತ್ತು. ಗಂಡ ಬಟ್ಟೆ ಬಿಗಿಯುವ ಚೌಕಟ್ಟುಗಳನ್ನು ಬದಲಿಸುತ್ತಿದ್ದ. ಅದು ಅವನಿಗೆ ಒಪ್ಪುವ ಕೆಲಸ, ಬಿಚ್ಚುವುದೂ ಇತ್ತು, ಕಟ್ಟುವುದೂ ಇತ್ತು. ತಮ್ಮನೂ ನಾದಿನಿಯೂ ಎದುರುಬದುರು ಕೂತು ದಾರ ಕತ್ತರಿಸಿದರು. ತಮ್ಮ ಮೊದಮೊದಲು ದಾರದ ಜೊತೆ ಬ್ಯಾಡ್ಜಿನ ಅಂಚನ್ನೂ ಕತ್ತರಿಸಿ ಬೈಸಿಕೊಂಡ. ನಾದಿನಿ ಅವನ ಕೈಯಿಂದ ಬ್ಯಾಡ್ಜು ತೆಗೆದುಕೊಂಡು, "ಹೀಗೆ ಓರೆಯಾಗಿ ಹಿಡೀಬೇಕು" ಎಂದು ತೋರಿಸಿದಳು. ಅವಳು ಆಡಿದ ಮಾತಿಗೆ ಕ್ಷಮೆ ಅಂತ ಕೇಳಲಿಲ್ಲ. ಅದರ ಬದಲು, ಅವನು ಹೊರಡುವಾಗ ತನ್ನ ಫೋನ್ ಮುಂದೆ ಹಿಡಿದು, "ಇದರಲ್ಲೂ ಏನೇನೋ ಬರ್ತಿದೆ, ಸ್ವಲ್ಪ ನೋಡಿಕೊಡ್ತೀರಾ?" ಎಂದಳು. ಅವನು ನೋಡಿಕೊಟ್ಟ.

ಸೋಮವಾರ ಎಲ್ಲ ಬ್ಯಾಡ್ಜೂ ಮುಗಿದಿರಲಿಲ್ಲ. ಚಿಕ್ಕ ತರಗತಿಗಳಿಗೆ ಸಾಲುವಷ್ಟನ್ನು ಮೊದಲು ಕೊಟ್ಟರು, ಉಳಿದವನ್ನು ಬುಧವಾರಕ್ಕೆ ಮುಟ್ಟಿಸಿದರು. ಶಾಲೆಯ ಆಟದ ಮೇಷ್ಟ್ರು ಫೋನ್ ಮಾಡಿ, "ದೊಡ್ಡ ಮಕ್ಕಳೆಲ್ಲ ಬ್ಯಾಡ್ಜಿಲ್ಲದ ಬರೀ ಜೇಬಲ್ಲಿ ನಿಂತಿದ್ರು ಪ್ರಾರ್ಥನೆಗೆ" ಎಂದು ಗೊಣಗಿದರು. ಅಕ್ಕ ಎಂದಿನ ಹಾಗೆ ತಿರುಗಿ ಮಾತಾಡದೆ, "ತಪ್ಪಾಯ್ತು ಸಾರ್" ಎಂದಳು. ಫೋನ್ ಇಟ್ಟ ಮೇಲೆ ಅದರ ಕೋಪವನ್ನು ದಾರದ ಮೇಲೆ ತೀರಿಸಿಕೊಂಡಳು.

ತಮ್ಮ ಮಾತ್ರ ಒಂದು ಶಿಸ್ತು ಕಲಿಸಿಹೋಗಿದ್ದ. ವಾರಕ್ಕೊಮ್ಮೆ ಎಲ್ಲ ವಿನ್ಯಾಸಗಳನ್ನೂ ಬೇರೆ ಡಿಸ್ಕಿಗೆ ನಕಲು ಮಾಡಬೇಕು. ಆಮೇಲೆ ಆ ಡಿಸ್ಕನ್ನು ಕಂಪ್ಯೂಟರಿನಿಂದ ಕಿತ್ತು ಬೇರೆ ಕೋಣೆಯಲ್ಲಿಡಬೇಕು. "ಯಾವ ಆಂಟಿವೈರಸ್ ಇದ್ರೂ ಇಲ್ದಿದ್ರೂ ಇದೊಂದು ಬಿಡ್ಬೇಡ" ಎಂದಿದ್ದ. ಇದನ್ನು ಅಂದೇ, ಟೋಪಿಯವನು ಬಂದುಹೋದ ದಿನವೇ ಯಾರಾದರೂ ಹೇಳಿದ್ದರೆ ತನ್ನ ಕತ್ತು ಉಳಿಯುತ್ತಿತ್ತು ಎಂದು ಅವಳು ಹಲ್ಲು ಕಡಿದಳು. ಆದರೂ ಪ್ರತಿ ಶನಿವಾರ ತಪ್ಪದೆ ನಕಲು ಮಾಡುತ್ತಿದ್ದಳು.

ಇದೆಲ್ಲ ಆಗಿ ತಿಂಗಳುಗಳು ಕಳೆದವು. ಮೊದಲೆಲ್ಲ ವರ್ಷಕ್ಕೆರಡು ಸಲ ಅತಿಥಿಯ ಹಾಗೆ ಬಂದು ಹೋಗುತ್ತಿದ್ದ ತಮ್ಮ ಈಗ ರಜೆ ಸಿಕ್ಕ ಭಾನುವಾರವೆಲ್ಲ ಬರುತ್ತಾನೆ. ಬಾಗಿಲಲ್ಲೇ ಶುರು.

"ಚಪ್ಪಲಿ ಅಲ್ಲಿ ಬಿಡ್ತಾರಾ? ಕಣ್ಣಿಲ್ವಾ? ಇದೇನು ಅಂಗಿ, ಬಟನ್ ಎಲ್ಲಿ ಹೋಯ್ತು? ಮೂರು ದಿನ ಆಯ್ತು ಫೋನ್ ಮಾಡಿ, ಎತ್ತೋಕೇನಾಗಿತ್ತು ರೋಗ?"

"ಬಂದವನಿಗೆ ಮೊದಲು ನೀರಾದ್ರೂ ಕೊಡು ಅಕ್ಕ."

"ಕೈ ಕಾಲು ಇಲ್ವಾ? ಒಳಗಿದೆ, ಹೋಗಿ ಕುಡಿ."

ಅವನು ಒಳಗೆ ಹೋಗಿ ತಾನೇ ನೀರು ತೆಗೆದುಕೊಂಡು ಕುಡಿಯುತ್ತಾನೆ, ಆ ಮನೆಯವನ ಹಾಗೆ.